ಜೀವಚ್ಛವಗಳ ಕಥೆಯೂ ಆಶ್ರಯದ ಪ್ರಶ್ನೆಯೂ

ಈ ಸಲದ ಸಂಚಿಕೆಗೆ ಲೇಖನ ಕೊಡುವೆನೆಂದು ಹೇಳಿ ವಿಷಯವನ್ನೂ ತಿಳಿಸಿದಾಗ, ನಮ್ಮ ಉಪನ್ಯಾಸಕರೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, “ಹೆಣಗಳ ವಿಚಾರ ಬರೆಯುವುದಕ್ಕೆ ನಿನಗೆ ಈ ವಯಸ್ಸೇ ಬೇಕಾಗಿತ್ತೆ?” ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದಮೇಲೆ ಹೊಳೆಯಿತು. ನನಗೂ ಹೆಣಗಳ ವಿಚಾರದಲ್ಲಿ ಅಂಥ ಆಸಕ್ತಿಯೇನೂ ಇಲ್ಲ. ಹೆಣಗಳ ನಡುವೆ ಬದುಕಿ ಉಳಿದವರು ಎಲ್ಲಿಗೆ ಓಡಬೇಕು, ಓಡಿದ ಕಡೆ ಯಾರನ್ನು ನಂಬಬೇಕು ಎಂಬುದೇ ನಾನು ಬರೆಯಹೊರಟಿರುವ ಸಂಗತಿ.

ಜೋಂಬಿ ಎಂಬ ಪದ ನಮ್ಮ ವಿದ್ಯಾರ್ಥಿಮಿತ್ರರಿಗೆ ಹೊಸದಲ್ಲ. ಕೇಳಿರದ ಹಿರಿಯರಿಗಾಗಿ ಎರಡು ಮಾತು. ಸತ್ತವನು ಎದ್ದು ನಡೆಯುತ್ತಾನೆ. ಬುದ್ಧಿಯಿಲ್ಲ, ಮಾತಿಲ್ಲ, ಹಸಿವು ಮಾತ್ರ ಉಂಟು. ಅವನು ಕಚ್ಚಿದವನೂ ಅಂಥವನೇ ಆಗುತ್ತಾನೆ. ಇದು ಈಗಿನ ಚಲಚ್ಚಿತ್ರಗಳ ಜೋಂಬಿ. ಇದರ ಮೂಲ ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿದೆ. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿದು ಸಾಯುತ್ತಿದ್ದರು. ಸತ್ತಮೇಲಾದರೂ ಬಿಡುಗಡೆ ಉಂಟೆಂದುಕೊಂಡವರನ್ನು ಮಂತ್ರವಾದಿಯೊಬ್ಬ ಎಬ್ಬಿಸಿ ಮತ್ತೆ ದುಡಿಮೆಗೆ ಹಚ್ಚಿಬಿಟ್ಟರೆ ಗತಿಯೇನು? ಆ ಜನರ ಭಯ ಇದು. 1932ರಲ್ಲಿ ಬಂದ ‘ವೈಟ್ ಜೋಂಬಿ’ ಚಿತ್ರದಲ್ಲೂ ಜೀವಚ್ಛವಗಳು ಸಕ್ಕರೆ ಗಾಣ ತಿರುಗಿಸುತ್ತವೆ, ಯಾರನ್ನೂ ತಿನ್ನುವುದಿಲ್ಲ. ತಿನ್ನುವ ಜಾತಿಯನ್ನು ಪ್ರಸಿದ್ಧಿಗೆ ತಂದದ್ದು 1968ರಲ್ಲಿ ಜಾರ್ಜ್ ರೊಮೆರೊ ಎಂಬ ಅಮೆರಿಕದ ನಿರ್ದೇಶಕ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಆ ಚಿತ್ರದಲ್ಲಿ ಜೋಂಬಿ ಎಂಬ ಪದವೇ ಬರುವುದಿಲ್ಲವೆನ್ನುವುದು ಒಂದು ತಮಾಷೆ. ನಮ್ಮ ಬೇತಾಳನೂ ಹೆಣವನ್ನು ಹೊಕ್ಕವನೇ ಸರಿ. ಆದರೆ ಅವನು ಹೆಗಲೇರಿ ಕಥೆ ಹೇಳಿ ಕೊನೆಯಲ್ಲಿ ಪ್ರಶ್ನೆ ಕೇಳುವವನು. ಪರೀಕ್ಷಕರ ಗುಂಪಿಗೆ ಸೇರಿದವನೇ ಹೊರತು ಕಚ್ಚುವವನಲ್ಲ.

ಸಹಕಾರನಗರದ ನಮ್ಮ ಮನೆಯ ಮಹಡಿಯ ಮೇಲೊಂದು ಚಿಕ್ಕ ಕೋಣೆಯಿದೆ. ರಜೆ ಬಂದರೆ ನಾವು ನಾಲ್ವರು ಸ್ನೇಹಿತರು ಅಲ್ಲಿ ಸೇರಿ ಇಂಥ ಚಿತ್ರಗಳನ್ನು ನೋಡುತ್ತೇವೆ. ಪ್ರತಿಯೊಂದರಲ್ಲೂ ಅರ್ಧ ದಾರಿಗೆ ಬರುವಷ್ಟರಲ್ಲಿ ಒಂದು ಫಲಕವೋ, ರೇಡಿಯೋದಲ್ಲೊಂದು ದನಿಯೋ, ಗೋಡೆಯ ಮೇಲೊಂದು ಬರೆಹವೋ ಕಾಣಿಸಿಕೊಳ್ಳುತ್ತದೆ: ಇಲ್ಲಿಗೆ ಬನ್ನಿ, ಇಲ್ಲಿ ಅನ್ನವಿದೆ, ಗೋಡೆಯಿದೆ, ಭಯವಿಲ್ಲ. ಕೂಡಲೇ ನಮ್ಮ ಕೋಣೆಯಲ್ಲಿ ಪಕ್ಷಗಳು ಏಳುತ್ತವೆ. “ಹೋಗಲಿ, ಹೊರಗಿದ್ದರೆ ಹೇಗೂ ಸಾವೇ” ಎನ್ನುವವನೊಬ್ಬ. “ಹೋದರೆ ಕೆಟ್ಟರು” ಎನ್ನುವವನು ಇನ್ನೊಬ್ಬ. ನಾನು ಬಹುಕಾಲ ಈ ಎರಡನೆಯ ಪಕ್ಷದವನಾಗಿದ್ದೆ. ಮಂಜೇಶ್ವರದಿಂದ ಬಂದು ಇಲ್ಲಿ ಓದುತ್ತಿರುವ ನಮ್ಮ ನಾಲ್ಕನೆಯವನು ಮಾತ್ರ ಯಾವ ಪಕ್ಷಕ್ಕೂ ಸೇರದೆ, “ಅದೆಲ್ಲ ಇರಲಿ, ಬಾಗಿಲು ತೆಗೆಯುತ್ತಾರೆಯೆ?” ಎಂದು ಕೇಳುತ್ತಾನೆ. ಅವನ ಪ್ರಶ್ನೆ ನಮಗೆ ಮೊದಮೊದಲು ಅಸಂಬದ್ಧವೆನಿಸುತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಂದೇಹದ ಪಕ್ಷವನ್ನೇ ನೋಡೋಣ. ಅದಕ್ಕೆ ಬಲವಾದ ಆಧಾರಗಳಿವೆ. ರೊಮೆರೊ 1978ರಲ್ಲಿ ತೆಗೆದ ‘ಡಾನ್ ಆಫ್ ದಿ ಡೆಡ್’ ಚಿತ್ರ ಒಂದು ದೂರದರ್ಶನ ಕೇಂದ್ರದಲ್ಲಿ ಪ್ರಾರಂಭವಾಗುತ್ತದೆ. ಪರದೆಯ ಮೇಲೆ ರಕ್ಷಣಾ ಕೇಂದ್ರಗಳ ಪಟ್ಟಿ ಹರಿದುಹೋಗುತ್ತಿದೆ. ಅವುಗಳಲ್ಲಿ ಎಷ್ಟೋ ಕೇಂದ್ರಗಳು ಆಗಲೇ ಮುಚ್ಚಿಹೋಗಿವೆ. ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಆ ಪಟ್ಟಿಯನ್ನು ತೆಗೆಸುತ್ತಾಳೆ. ಸುಳ್ಳು ವಿಳಾಸ ಹಿಡಿದು ಹೋದವರು ಸಾಯುತ್ತಾರೆಂಬುದು ಅವಳ ವಾದ. ಮೇಲಧಿಕಾರಿ ಸಿಡುಕುತ್ತಾನೆ: ಪಟ್ಟಿಯಿಲ್ಲದಿದ್ದರೆ ಜನ ನೋಡುವುದನ್ನೇ ಬಿಟ್ಟುಬಿಡುತ್ತಾರಲ್ಲ! ಚಿತ್ರದಲ್ಲಿ ಮುಂದೆ ಬೇಕಾದಷ್ಟು ರಕ್ತಪಾತವಿದೆ. ನನಗೆ ಮಾತ್ರ ಈ ಎರಡು ನಿಮಿಷದ ಜಗಳದಷ್ಟು ಭಯಂಕರವಾದದ್ದು ಅದರಲ್ಲಿ ಬೇರೆ ಕಾಣಲಿಲ್ಲ. ಆ ಮೇಲಧಿಕಾರಿ ರಾಕ್ಷಸನಲ್ಲ. ತನ್ನ ಕೆಲಸ ತಾನು ಮಾಡುತ್ತಿದ್ದಾನೆ, ಅಷ್ಟೆ.

‘ದಿ ವಾಕಿಂಗ್ ಡೆಡ್’ ಎಂಬ ಧಾರಾವಾಹಿಯಲ್ಲಿ ರೈಲು ಹಳಿಗಳ ಉದ್ದಕ್ಕೂ ಫಲಕಗಳಿವೆ. ಎಲ್ಲ ಹಳಿಗಳೂ ಕೂಡುವ ಟರ್ಮಿನಸ್ ಎಂಬಲ್ಲಿಗೆ ಬಂದವರು ಬದುಕುತ್ತಾರೆಂದು ಅವು ಸಾರುತ್ತವೆ. ಅಲ್ಲಿಗೆ ಹೋದವರನ್ನು ಅಲ್ಲಿನವರು ಕೊಂದು ತಿನ್ನುತ್ತಾರೆ. ಇಷ್ಟೇ ಆಗಿದ್ದರೆ ಅಜ್ಜಿ ಹೇಳುವ ರಾಕ್ಷಸನ ಕಥೆಗಿಂತ ಹೆಚ್ಚಿನದಲ್ಲ. ವಿಶೇಷವೆಂದರೆ, ಆ ಫಲಕಗಳನ್ನು ನೆಟ್ಟ ದಿನ ಅವು ನಿಜವಾಗಿದ್ದವು. ಅಲ್ಲಿದ್ದವರು ನಿಜವಾಗಿ ಅಭಾಗ್ಯರಿಗೆ ಆಶ್ರಯ ಕೊಡಹೊರಟವರು. ಹಾಗೆ ಬಂದು ಹೊಕ್ಕ ದುಷ್ಟರ ಗುಂಪೊಂದು ಅವರನ್ನು ಹಿಂಸಿಸಿತು. ಅವರನ್ನು ಸೋಲಿಸಿ ಮನೆಯನ್ನು ಮರಳಿ ಪಡೆದಮೇಲೆ ಇವರು ಇನ್ನೆಂದೂ ಬಲಿಯಾಗಬಾರದೆಂದು ತಾವೇ ಬೇಟೆಗಾರರಾದರು. ಮನೆ ಬದಲಾಯಿತು, ಫಲಕ ಬದಲಾಗಲಿಲ್ಲ. 2002ರ ‘28 ಡೇಸ್ ಲೇಟರ್’ ಚಿತ್ರದಲ್ಲಿ ಸೈನಿಕರು ರೇಡಿಯೋದ ಮೂಲಕ ಕರೆಯುತ್ತಾರೆ. ಲಂಡನ್ನಿನಿಂದ ಮ್ಯಾಂಚೆಸ್ಟರ್ ತನಕ ಪ್ರಾಣ ಕೈಯಲ್ಲಿ ಹಿಡಿದು ಹೋದವರಿಗೆ, ಆ ಕರೆ ಹೊರಟಿದ್ದುದು ಹೆಂಗಸರನ್ನು ಬರಮಾಡಿಕೊಳ್ಳುವುದಕ್ಕೆಂದು ತಿಳಿಯುತ್ತದೆ. ಇದರ ವಿಚಾರ ಹೆಚ್ಚು ಹೇಳಲು ಮನಸ್ಸಿಲ್ಲ.

ಹಾಗಾದರೆ ಹೊರಗೆ ನಿಂತವನು ಯಾವ ಗುರುತಿನಿಂದ ತಿಳಿಯಬೇಕು? ಈ ಪ್ರಶ್ನೆಗೆ ಅಮೆರಿಕಕ್ಕೆ ಹೋಗಬೇಕಾದ್ದಿಲ್ಲ. ಪಂಚತಂತ್ರದ ನರಿ ತನ್ನ ಗುಹೆಯ ಮುಂದೆ ನಿಂತು ನೆಲ ನೋಡಿತು. ಸಿಂಹದ ಹೆಜ್ಜೆ ಒಳಗೆ ಹೋಗಿದೆ, ಹೊರಗೆ ಬಂದಿಲ್ಲ. ಗುಹೆ ತನ್ನದೇ ಆದರೂ ನರಿ ಒಳಗೆ ಕಾಲಿಡಲಿಲ್ಲ. ಅದೇ ಪಂಚತಂತ್ರದಲ್ಲಿ ಮುದಿ ಬಕವೊಂದು, ಕೆರೆ ಬತ್ತುತ್ತದೆಂದು ಮೀನುಗಳನ್ನು ಹೆದರಿಸಿ, ತುಂಬಿದ ಕೆರೆಗೆ ಒಯ್ಯುತ್ತೇನೆಂದು ಒಂದೊಂದಾಗಿ ಕೊಂಡೊಯ್ದು ತಿಂದಿತು. ಏಡಿಗೆ ತಿಳಿದದ್ದು ಬಂಡೆಯ ಮೇಲಿನ ಮೂಳೆಗಳಿಂದ. ಎಷ್ಟು ಮೀನು ಹೋದವು, ಅವುಗಳಲ್ಲಿ ಒಂದಾದರೂ ಹಿಂದಿರುಗಿ ಬಂದು ‘ಅಲ್ಲಿ ನೀರು ಸಿಹಿಯಾಗಿದೆ’ ಎಂದಿತೆ? ಮೀನುಗಳು ಈ ಲೆಕ್ಕ ಹಾಕಲಿಲ್ಲ. ಬತ್ತುವ ಕೆರೆಯಲ್ಲಿದ್ದವರಿಗೆ ಲೆಕ್ಕ ಹಾಕುವ ವ್ಯವಧಾನವಿರುವುದಿಲ್ಲವೆಂಬುದನ್ನೂ ನಾವು ಮರೆಯಬಾರದು.

ಆಶ್ರಯಕ್ಕೆ ಒಳಬಾಗಿಲು ಇದ್ದಂತೆ ಹೊರಬಾಗಿಲೂ ಇದೆಯೆ ಎಂಬುದೇ ಇಲ್ಲಿಯ ಪರೀಕ್ಷೆ. ಇದು ಕಥೆಯ ಮಾತಷ್ಟೇ ಅಲ್ಲ. 2020ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಊರಿಗೆ ಹೋಗಬೇಕೆಂದಿದ್ದ ಹೊರರಾಜ್ಯಗಳ ಕೂಲಿಕಾರರಿಗಾಗಿ ರೈಲುಗಳು ಹೊರಟಿದ್ದವು. ಮೇ 5ರಂದು ಕಟ್ಟಡ ನಿರ್ಮಾಪಕರೊಡನೆ ಮುಖ್ಯಮಂತ್ರಿಗಳ ಸಭೆ ನಡೆದ ದಿನವೇ, ಆ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಇಲ್ಲಿ ಕೆಲಸವಿದೆ, ಊಟವಿದೆ, ಏತಕ್ಕೆ ಹೋಗುತ್ತೀರಿ ಎಂಬ ಧಾಟಿ. ದೇಶವೆಲ್ಲ ಟೀಕಿಸಿದಮೇಲೆ ಒಂದೆರಡು ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡರು. ಅದೇ ಜುಲೈಯಲ್ಲಿ ನಗರದ ಒಂದು ವಸತಿಕಟ್ಟಡದಲ್ಲಿ ಸೋಂಕು ಕಂಡುಬಂತೆಂದು ಪಾಲಿಕೆಯ ಸಿಬ್ಬಂದಿ ಎರಡು ಮನೆಗಳ ಬಾಗಿಲಿಗೆ ತಗಡು ಹೊಡೆದುಬಿಟ್ಟರು. ಒಳಗೆ ಜನರಿದ್ದರು. ಆಯುಕ್ತರು ಕ್ಷಮೆ ಕೇಳಿ ತಗಡನ್ನು ತೆಗೆಸಿದರು. ಹೊರಗೆ ಬಿಡುವುದಿಲ್ಲವೆಂದ ಕ್ಷಣದಲ್ಲಿ ಮನೆಯೂ ಮನೆಯಾಗಿ ಉಳಿಯುವುದಿಲ್ಲ.

ಮೋಸದ ಆಶ್ರಯವನ್ನು ಅರಿತೂ ಹೊಕ್ಕವರುಂಟು. ಅರಗಿನ ಮನೆಯ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ವಾರಣಾವತ ಸೊಗಸಾದ ಊರೆಂದು ಹೊಗಳಿಸಿ ಧೃತರಾಷ್ಟ್ರ ಪಾಂಡವರನ್ನು ಅಲ್ಲಿಗೆ ಕಳುಹಿಸಿದ. ಪುರೋಚನ ಕಟ್ಟಿಸಿದ ಮನೆಯ ಗೋಡೆಗಳಿಂದ ತುಪ್ಪ ಅರಗುಗಳ ವಾಸನೆ ಬರುತ್ತಿತ್ತು. ಧರ್ಮರಾಯನ ಮೂಗಿಗೆ ಮೊದಲ ದಿನವೇ ತಿಳಿಯಿತು. ವಿದುರ ಗೂಢಭಾಷೆಯಲ್ಲಿ ಎಚ್ಚರಿಕೆ ಹೇಳಿ ಕಳುಹಿಸಿದ್ದ. ಆದರೂ ಅವರು ಓಡಿಹೋಗಲಿಲ್ಲ. ಹೊರಗೆ ದುರ್ಯೋಧನನ ಬೇಹುಗಾರರು, ಕೈಯಲ್ಲಿ ಹಣವಿಲ್ಲ, ಅಧಿಕಾರವಿಲ್ಲ. ಸಂಶಯವನ್ನು ಮುಖದ ಮೇಲೆ ತೋರಿಸದೆ, ಹಗಲು ಬೇಟೆಯ ನೆಪದಲ್ಲಿ ಸುತ್ತಲ ದಾರಿಗಳನ್ನು ತಿಳಿದುಕೊಂಡು, ವಿದುರ ಕಳುಹಿಸಿದ ಗಣಿಗಾರನಿಂದ ಸುರಂಗ ತೋಡಿಸಿ, ಸುಮಾರು ಒಂದು ವರ್ಷ ಅಲ್ಲೇ ಇದ್ದರು. ಕಥೆಗಳಲ್ಲಿ ಸಿಗುವ ಯಾವ ಉಪಾಯಕ್ಕಿಂತಲೂ ಇದು ಜಾಣತನದ್ದೆಂದು ನಾನು ಎಣಿಸಿದ್ದೆ: ಹೊರಬಾಗಿಲಿಲ್ಲದ ಮನೆಗೆ ಹೋಗಲೇಬೇಕಾದರೆ ಹೊರಬಾಗಿಲನ್ನು ನೀನೇ ತೋಡು.

ಆದರೆ ಆ ರಾತ್ರಿ ಅಲ್ಲಿ ಊಟಕ್ಕೆ ಬಂದು, ಕುಡಿದು ಮೈಮರೆತು ಮಲಗಿದ್ದ ಬೇಡತಿಯೊಬ್ಬಳೂ ಅವಳ ಐವರು ಮಕ್ಕಳೂ ಇದ್ದರಲ್ಲ! ಅವರ ಹೆಸರೂ ನಮಗೆ ತಿಳಿಯದು. ಅವರು ಸುಟ್ಟು ಕರಕಾದದ್ದರಿಂದಲೇ ಪಾಂಡವರು ಸತ್ತರೆಂದು ಹಸ್ತಿನಾವತಿ ನಂಬಿತು. ಅವರಿಗೆ ಆ ಮನೆ ಅರಗಿನದೆಂದು ಹೇಳಿದವರಿಲ್ಲ. ಸುರಂಗದ ಬಾಯನ್ನು ತೋರಿಸಿದವರೂ ಇಲ್ಲ. ಆಶ್ರಯದ ಲೆಕ್ಕ ಹಾಕುವಾಗ ನಾವು ಯಾವಾಗಲೂ ನಮ್ಮನ್ನು ಪಾಂಡವರ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತೇವೆ.

ಇನ್ನು ಸಂದೇಹದ ಪಕ್ಷದ ದೋಷ. ಸಂದೇಹಿಸುವವನು ಬದುಕುತ್ತಾನೆಂದು ಚಿತ್ರಗಳು ನಮ್ಮನ್ನು ನಂಬಿಸಿವೆ. ನಮ್ಮ ನಾಡಿನಲ್ಲೇ ನಡೆದುಹೋದ ಒಂದು ಪ್ರಸಂಗ ಇಷ್ಟು ಸರಳವಾಗಿಲ್ಲ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲುಹಳಿಯನ್ನು ಹಿಡಿದು ಹುಬ್ಬಳ್ಳಿಯ ಕಡೆಯಿಂದ ಇಳಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ. ರೈಲು ನಿಲ್ದಾಣಗಳಲ್ಲಿ ತಪಾಸಣೆ, ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆ, ರೋಗಿಯ ಮನೆಯವರಿಗೆ ಊರ ಹೊರಗೆ ಶಿಬಿರ, ಮನೆಗೆ ಔಷಧಿ, ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆಯುವುದು ಇವೆಲ್ಲ ನಡೆದವು. ಅಧಿಕಾರಿಗಳ ದೃಷ್ಟಿಯಲ್ಲಿ ಶಿಬಿರವೇ ಆಶ್ರಯ. ಜನರ ದೃಷ್ಟಿಯಲ್ಲಿ ಅದು ಗುಹೆ: ಒಳಗೆ ಹೋದ ಹೆಜ್ಜೆ ಕಾಣುತ್ತದೆ, ಹೊರಗೆ ಬಂದದ್ದು ಕಾಣುವುದಿಲ್ಲ. ರೋಗಿಗಳನ್ನು ಅಟ್ಟದಲ್ಲಿ, ಕಣಜದ ಹಿಂದೆ ಬಚ್ಚಿಟ್ಟರು; ಹೆಣಗಳನ್ನು ರಾತ್ರಿ ಸಾಗಿಸಿದರು. ಅದೇ 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಗಲಭೆಯೇ ಆಯಿತು. ಪುಣೆಯಲ್ಲಿ ಮನೆಮನೆಗೆ ಸೈನಿಕರನ್ನು ನುಗ್ಗಿಸಿದ ಪ್ಲೇಗು ಅಧಿಕಾರಿ ರ್‍ಯಾಂಡನನ್ನು ಚಾಫೇಕರ್ ಸಹೋದರರು ಗುಂಡಿಟ್ಟದ್ದು ಅದಕ್ಕೂ ಒಂದು ವರ್ಷ ಮೊದಲು, 1897ರ ಜೂನ್ 22ರಂದು. ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದದ್ದೂ ಆ ವರ್ಷವೇ. 2020ರಲ್ಲಿ ನಮ್ಮನ್ನು ಮನೆಯಲ್ಲಿ ಕೂರಿಸಲು ಬಳಸಿದ ಕಾಯಿದೆಗಳಲ್ಲಿ ಅದೂ ಒಂದೆಂದರೆ ವಾಚಕರು ಆಶ್ಚರ್ಯಪಡಬಹುದು.

ಸಂದೇಹಪಟ್ಟ ಜನ ಬಚ್ಚಿಟ್ಟುಕೊಂಡು ಸತ್ತರು, ಬಚ್ಚಿಟ್ಟದ್ದರಿಂದ ಅಕ್ಕಪಕ್ಕದವರೂ ಸತ್ತರು. ಹಾಗೆಂದು ಅವರನ್ನು ಮೂಢರೆನ್ನುವುದಕ್ಕೆ ನನಗೆ ನಾಲಗೆ ಏಳುವುದಿಲ್ಲ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ, ಅದೂ ಈಗಿನ ಪಾಕಿಸ್ತಾನದ ಕರಾಚಿಯಲ್ಲಿ. ವಿದ್ವಾಂಸರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಂದರೆ ಬೆಂಗಳೂರಿನಲ್ಲಿ ಮನೆಯ ಸಾಮಾನು ಸುಡುತ್ತಿದ್ದ ಅಧಿಕಾರಿಗೂ ರೋಗ ಹೇಗೆ ಹರಡುತ್ತದೆಂದು ಸರಿಯಾಗಿ ತಿಳಿದಿರಲಿಲ್ಲ. ಹಳ್ಳಿಗರಿಗೆ ಒಂದು ವಿಷಯ ಮಾತ್ರ ಅನುಭವದಿಂದ ತಿಳಿದಿತ್ತು. ‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದೊಡನೆ ಊರು ಬಿಡಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಬೀಳುವ ಸನ್ನಿವೇಶ ನೆನಪಿರಬಹುದು. ಅಲ್ಲಿನ ಬ್ರಾಹ್ಮಣರು ಅದರ ಅರ್ಥವನ್ನು ತಡವಾಗಿ ತಿಳಿಯುತ್ತಾರೆ.

ನಮ್ಮ ಅಜ್ಜಿಯ ತಾಯಿ ದೊಡ್ಡಬಳ್ಳಾಪುರದ ಕಡೆಯವರು. ಪ್ಲೇಗು ಒಂದೇ ಸಲ ಬಂದು ಹೋದದ್ದಲ್ಲ, ಎಷ್ಟೋ ವರ್ಷ ಮತ್ತೆ ಮತ್ತೆ ಬರುತ್ತಿತ್ತು. ಅವರು ಹುಡುಗಿಯಾಗಿದ್ದಾಗ ಒಂದು ಚಳಿಗಾಲವನ್ನೆಲ್ಲ ಮಾವಿನ ತೋಪಿನ ಗುಡಿಸಲಿನಲ್ಲಿ ಕಳೆದದ್ದನ್ನು ಅಜ್ಜಿ ಹೇಳುತ್ತಿದ್ದರು. ತೆಂಗಿನ ಗರಿಯ ಗೋಡೆ, ಜೋಳದ ದಂಟಿನ ಮಾಡು, ಬಾಗಿಲೆಂಬುದೇ ಇಲ್ಲ. ನರಿ ಬಂದು ಒಲೆಯ ಬೂದಿಯಲ್ಲಿ ಮಲಗುತ್ತಿತ್ತಂತೆ. ಊರೊಳಗೆ ಹೆಂಚಿನ ಮನೆ, ಕದ, ಅಗುಳಿ ಎಲ್ಲ ಇದ್ದೂ ಬಯಲಿನಲ್ಲಿ ಮಲಗುವುದು! ಆದರೆ ಶಾಸ್ತ್ರದ ಪ್ರಕಾರ ಅದೇ ಸರಿಯಾದದ್ದು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಇಲಿ ಸತ್ತಮೇಲೆ ಹಸಿದ ಚಿಗಟ ಹತ್ತಿರದ ಮನುಷ್ಯನ ಮೇಲೆ ಹಾರುತ್ತದೆ. ಮನುಷ್ಯನೂ ಸಿಗದಿದ್ದರೆ ಕೆಲಕಾಲದಲ್ಲಿ ತಾನೇ ಸಾಯುತ್ತದೆ. ಗಟ್ಟಿಯಾದ ಗೋಡೆಯೊಳಗೇ ಸಾವು ಕುಳಿತಿತ್ತು. ಬಾಗಿಲಿಲ್ಲದ ಗುಡಿಸಲು ಉಳಿಸಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಶಿಬಿರವೂ ಊರ ಹೊರಗಿನ ಬಯಲೇ, ತೋಪೂ ಊರ ಹೊರಗಿನ ಬಯಲೇ. ವೈದ್ಯದ ಲೆಕ್ಕದಲ್ಲಿ ಎರಡಕ್ಕೂ ಬಹಳ ಅಂತರವಿರಲಿಲ್ಲ. ಒಂದಕ್ಕೆ ಪೋಲೀಸರು ಎಳೆದುಕೊಂಡು ಹೋಗುತ್ತಿದ್ದರು, ತಾಯಿಯನ್ನು ಮಗುವಿನಿಂದ ಬೇರ್ಪಡಿಸುತ್ತಿದ್ದರು, ಮರಳುವ ದಿನ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದಕ್ಕೆ ಊರವರೆಲ್ಲ ಒಟ್ಟಿಗೆ ಹೋಗಿ, ತಾವೇ ಕಟ್ಟಿ, ತಮಗೆ ತೋರಿದ ದಿನ ಹಿಂದಿರುಗುತ್ತಿದ್ದರು. ಮಲ್ಲೇಶ್ವರ ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ಬೆಳೆದದ್ದು ಆ ಕಾಲದಲ್ಲಿಯೇ. ಅವುಗಳ ಯೋಜನೆ ಪ್ಲೇಗಿಗಿಂತ ಸ್ವಲ್ಪ ಹಿಂದಿನದಾದರೂ, ಜನ ಅಲ್ಲಿಗೆ ಹೋಗುವಂತೆ ಮಾಡಿದ್ದು ಪ್ಲೇಗು. ನಿವೇಶನ ಕೊಳ್ಳುವ ಶಕ್ತಿಯಿದ್ದವರ ಆಶ್ರಯ ಅದು. ಶಕ್ತಿಯಿಲ್ಲದವರು ಪ್ಲೇಗಮ್ಮನ ಗುಡಿ ಕಟ್ಟಿ ಅಲ್ಲೇ ಉಳಿದರು. ಆ ಗುಡಿಗಳಲ್ಲಿ ಕೆಲವು ಈಗಲೂ ಬೆಂಗಳೂರಿನಲ್ಲಿವೆ.

ಇಷ್ಟು ಹೊತ್ತು ನಾನು ಹೊರಗೆ ನಿಂತು ಬಾಗಿಲು ನೋಡುತ್ತಿರುವವನ ಪರವಾಗಿ ಬರೆದೆ. ಈಗ ಮಂಜೇಶ್ವರದ ಸ್ನೇಹಿತನ ಪ್ರಶ್ನೆ.

2016ರಲ್ಲಿ ಬಂದ ಕೊರಿಯ ದೇಶದ ‘ಟ್ರೈನ್ ಟು ಬುಸಾನ್’ ಚಿತ್ರವನ್ನು ನೋಡುತ್ತಿದ್ದೆವು. ಓಡುತ್ತಿರುವ ರೈಲಿನಲ್ಲಿ ಸೋಂಕು. ಸುರಕ್ಷಿತವಾದ ಒಂದು ಡಬ್ಬಿಯಲ್ಲಿ ಜನ ಸೇರಿಕೊಂಡಿದ್ದಾರೆ. ಹಿಂದಿನ ಡಬ್ಬಿಗಳಿಂದ ಹೋರಾಡಿಕೊಂಡು ಬಂದ ಕೆಲವರು ಬಾಗಿಲು ಬಡಿಯುತ್ತಾರೆ. ಒಳಗಿನವರು ತೆಗೆಯುವುದಿಲ್ಲ, ಅವರಿಗೂ ಸೋಂಕು ತಗಲಿರಬಹುದಲ್ಲ! ಬಡಿದವರಲ್ಲಿ ಒಬ್ಬ ಆ ಬಾಗಿಲಲ್ಲೇ ಸಾಯುತ್ತಾನೆ. ಚಿತ್ರದ ಕೊನೆಯಲ್ಲಿ ಸುರಂಗದ ಆಚೆ ಕೋವಿ ಹಿಡಿದ ಸೈನಿಕರಿಗೆ ಕತ್ತಲಲ್ಲಿ ಎರಡು ಆಕೃತಿಗಳು ಬರುವುದು ಕಾಣುತ್ತದೆ. ಒಬ್ಬಳು ಬಸುರಿ, ಒಬ್ಬಳು ಹುಡುಗಿ. ಗುಂಡು ಹಾರಿಸಲು ಅಪ್ಪಣೆಯಾಗಿದೆ. ಹುಡುಗಿ ಅಳುತ್ತಾ ಹಾಡುತ್ತಿರುವುದು ಕೇಳಿ ಅವರು ಕೋವಿ ಇಳಿಸುತ್ತಾರೆ. 1968ರ ರೊಮೆರೊ ಚಿತ್ರದ ನಾಯಕನಿಗೆ ಆ ಅದೃಷ್ಟವಿಲ್ಲ. ರಾತ್ರಿಯೆಲ್ಲ ಹೋರಾಡಿ ನೆಲಮಾಳಿಗೆಯಲ್ಲಿ ಬದುಕಿ ಉಳಿದವನು ಬೆಳಿಗ್ಗೆ ಕಿಟಕಿಯ ಬಳಿ ಬಂದಾಗ, ರಕ್ಷಿಸಲು ಬಂದವರೇ ಅವನನ್ನೂ ಹೆಣವೆಂದು ತಿಳಿದು ಹೊಡೆದುಹಾಕುತ್ತಾರೆ. ಅವನು ಆಶ್ರಯವನ್ನು ನಂಬಿದನೆ ಇಲ್ಲವೆ ಎಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ. ಆಶ್ರಯ ಅವನನ್ನು ನಂಬಲಿಲ್ಲ.

ಚಿತ್ರ ಮುಗಿದಮೇಲೆ ನಮ್ಮ ಸ್ನೇಹಿತ ತಲಪಾಡಿಯ ಮಾತೆತ್ತಿದ. ಅವನ ಮನೆಯಿಂದ ಮಂಗಳೂರು ಬಲು ಹತ್ತಿರ. ಮಂಜೇಶ್ವರದ ಕಡೆಯ ಕನ್ನಡ, ತುಳು, ಮಲಯಾಳ ಮಾತನಾಡುವವರೆಲ್ಲರಿಗೂ ಹೆರಿಗೆಯಾಗಲಿ, ಹೃದಯದ ಬೇನೆಯಾಗಲಿ, ಮಂಗಳೂರೇ ಗತಿ; ತಮ್ಮದೇ ರಾಜ್ಯದ ದೊಡ್ಡ ಆಸ್ಪತ್ರೆ ಅವರಿಗೆ ದೂರ. 2020ರ ಮಾರ್ಚಿಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಕೊರೋನ ಹೆಚ್ಚಾದಾಗ ನಮ್ಮ ಕರ್ನಾಟಕ ಗಡಿಯನ್ನು ಮುಚ್ಚಿತು. ಎಷ್ಟೋ ರಸ್ತೆಗಳಿಗೆ ಮಣ್ಣು ಸುರಿದು ದಿಬ್ಬ ಹಾಕಿದರು. ರೋಗಿಗಳಿದ್ದ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು; ಕೊರೋನವಲ್ಲದ ಬೇರೆ ಬೇನೆಗಳಿಗೆ ಚಿಕಿತ್ಸೆ ಸಿಗದೆ ಹಲವರು ಸತ್ತರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ತಡೆಗಳನ್ನು ತೆಗೆಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆಜ್ಞೆ ಮಾಡಿತು. ಕರ್ನಾಟಕ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ 7ರಂದು ಎರಡು ರಾಜ್ಯಗಳೂ ಒಪ್ಪಂದಕ್ಕೆ ಬಂದಿವೆಯೆಂದು ಅಲ್ಲಿ ತಿಳಿಸಲಾಯಿತು: ತುರ್ತು ರೋಗಿಗಳನ್ನು ಗಡಿಯಲ್ಲಿ ಪರೀಕ್ಷಿಸಿ ಒಳಗೆ ಬಿಡುವುದು.

ನಮ್ಮ ರಾಜ್ಯಕ್ಕೆ ಭಯವಿದ್ದದ್ದು ಸುಳ್ಳಲ್ಲ. ಕಾಸರಗೋಡಿನಲ್ಲಿ ಆಗ ಸೋಂಕು ಜೋರಾಗಿತ್ತು. ಮಂಗಳೂರಿನವರಿಗೂ ಮಕ್ಕಳುಮರಿಗಳಿದ್ದಾರೆ. ಕೊನೆಗೆ ಒಪ್ಪಿಕೊಂಡದ್ದಾದರೂ ಏನು? ಗಡಿಯಲ್ಲೊಬ್ಬ ವೈದ್ಯ, ಒಂದು ಕಾಗದ, ಅಷ್ಟೆ. ಅದನ್ನು ಮೊದಲ ದಿನವೇ ಮಾಡಬಹುದಾಗಿತ್ತಲ್ಲ ಎಂದು ನಾನೆಂದೆ. ಅದಕ್ಕೆ ಸ್ನೇಹಿತ, “ಮೊದಲ ದಿನ ಎಲ್ಲರೂ ಮಣ್ಣನ್ನೇ ಸುರಿಯುವುದು” ಎಂದು ಸುಮ್ಮನಾದ. ಅವನ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಅದಕ್ಕೆ ಕಾರಣ ಬೇರೆ ಇತ್ತು.

ಆ ವರ್ಷ ನಾನು ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ. ಪರೀಕ್ಷೆ ಮುಂದಕ್ಕೆ ಹೋಗಿತ್ತು. ನಮ್ಮ ಬೀದಿಯ ಹಿರಿಯರು ಸೇರಿ ಬೀದಿಯ ಎರಡು ತುದಿಗೂ ಹಗ್ಗ ಕಟ್ಟಿದರು. ಬಡಾವಣೆಯ ಹೆಸರಿನಲ್ಲೇ ಸಹಕಾರವಿದೆ, ಸಹಕರಿಸಿ ಎಂದು ಒಬ್ಬರು ಹಾಸ್ಯವನ್ನೂ ಮಾಡಿದರು. ಹಗ್ಗದ ಬಳಿ ಒಂದು ಕುರ್ಚಿ, ಒಂದು ನೋಟ್‌ಪುಸ್ತಕ, ಜ್ವರ ನೋಡುವ ಒಂದು ಯಂತ್ರ. ಬೆಳಗಿನ ಪಾಳಿ ನನ್ನದು. ಪುಸ್ತಕದಲ್ಲಿ ನಾಲ್ಕು ಅಂಕಣಗಳು: ಮನೆಯ ಸಂಖ್ಯೆ, ಹೆಸರು, ಹೋದ ಹೊತ್ತು, ಬಂದ ಹೊತ್ತು. ಮನೆಯ ಸಂಖ್ಯೆಯಿಲ್ಲದವರನ್ನು ಒಳಗೆ ಬಿಡಕೂಡದೆಂದು ನನಗೆ ಅಪ್ಪಣೆಯಾಗಿತ್ತು. ಆ ಅಧಿಕಾರ ನನಗೆ ಹಿಡಿಸಿತ್ತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಬೀದಿಯ ನಡುವೆ ಅರ್ಧ ಕಟ್ಟಿದ ಮನೆಯೊಂದಿತ್ತು. ಕೆಲಸ ನಿಂತು, ಅದನ್ನು ಕಾಯುತ್ತಿದ್ದ ಸಂಸಾರವೊಂದು ಮಾತ್ರ ತಗಡಿನ ಷೆಡ್ಡಿನಲ್ಲಿ ಉಳಿದಿತ್ತು. ರಾಯಚೂರು ಕಡೆಯವರು. ಗಂಡ ಒಂದು ದಿನ ಬೆಳಿಗ್ಗೆ ಕೊಡಿಗೇಹಳ್ಳಿಯ ಕಡೆ ಅಕ್ಕಿ ತರಲು ಹೋದವನು ಹಿಂದಿರುಗಿದ. ನಾನು ಮನೆಯ ಸಂಖ್ಯೆ ಕೇಳಿದೆ. ಕಟ್ಟಿ ಮುಗಿಯದ ಮನೆಗೆ ಸಂಖ್ಯೆ ಎಲ್ಲಿಂದ ಬರಬೇಕು? ಅವನು ಕೈಯಿಂದ ಷೆಡ್ಡನ್ನು ತೋರಿಸಿದ. ಅವನ ಹೆಂಡತಿ ಷೆಡ್ಡಿನ ಮುಂದೆ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವನು ಯಾರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾವು ಕ್ರಿಕೆಟ್ ಆಡುವಾಗ ಮರಳಿನ ಗುಡ್ಡೆಗೆ ಬಿದ್ದ ಚೆಂಡನ್ನು ಎಷ್ಟೋ ಸಲ ಎಸೆದುಕೊಟ್ಟವನು. ಆದರೂ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಹಿರಿಯರು ಬರುವವರೆಗೆ ನಿಲ್ಲು ಎಂದೆ. ಅವನು ಅಕ್ಕಿಯ ಚೀಲವನ್ನು ಹಗ್ಗದ ಕೆಳಗೆ ಒಳಗೆ ಸರಿಸಿ, ತಾನು ಹೊರಗೆ ಬಿಸಿಲಿನಲ್ಲಿ ಕುಳಿತ. ಸುಮಾರು ಎರಡು ಗಂಟೆ. ಹಿರಿಯರು ಬಂದು, ಇನ್ನು ಮೇಲೆ ಹೊರಗೆ ಹೋ﻿ದರೆ ಒಳಗೆ ಬಿಡುವುದಿಲ್ಲವೆಂದು ಹೇಳಿ ಒಳಗೆ ಬಿಟ್ಟರು.

ಮುಂದಿನ ವಾರ ಅವರು ಊರಿಗೆ ಹೊರಟುಹೋದರು. ಹೇಗೆ ಹೋದರೋ ತಿಳಿಯದು. ಆಗ ಎಷ್ಟೋ ಹಳ್ಳಿಗಳವರು ಪಟ್ಟಣದಿಂದ ಬರುವವರು ಬಾರದಂತೆ ದಾರಿಗೆ ಮುಳ್ಳು ಹಾಕಿದ್ದರು, ಕಂದಕವನ್ನೂ ತೋಡಿದ್ದರು. ಅವರ ಊರಿನಲ್ಲಿ ಏನಾಯಿತೆಂಬುದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಯಾರೂ ವಿಚಾರಿಸಲಿಲ್ಲ.

ಹಗ್ಗ ಬಿಚ್ಚಿದಮೇಲೆ ಆ ನೋಟ್‌ಪುಸ್ತಕವನ್ನು ನಾನೇ ಇಟ್ಟುಕೊಂಡೆ. ಈ ಲೇಖನ ಬರೆಯುವ ಮೊದಲು ತೆಗೆದು ನೋಡಿದೆ. ಅವತ್ತಿನ ಪುಟದಲ್ಲಿ ನನ್ನ ಕೈಬರೆಹದಲ್ಲಿ ಒಂದು ಸಾಲಿದೆ. ಮನೆಯ ಸಂಖ್ಯೆಯ ಅಂಕಣ ಖಾಲಿ. ಹೆಸರಿನ ಅಂಕಣದಲ್ಲಿ ‘ಷೆಡ್ಡು’ ಎಂದು ಬರೆದಿದ್ದೇನೆ.